ಹಾರ್ಡ್ ಡಿಸ್ಕ್ ಇಲ್ಲದ ಶಾಲಾ ಲ್ಯಾಬ್: ಎಲ್‌ಟಿಎಸ್‌ಪಿ ಬಳಸಿದ ಅನುಭವ

ಶಿರಸಿ ಕಡೆಯ ಒಂದು ಹಳ್ಳಿ ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಪೇಟೆಯಲ್ಲಿ ರಿಪೇರಿ, ಕೇಬಲಿಂಗ್ ಮಾಡಿಕೊಂಡಿದ್ದೇನೆ. ಆ ಲ್ಯಾಬಿನಲ್ಲಿ 20 ಕಂಪ್ಯೂಟರ್ ಇವೆ. ಒಂದರಲ್ಲೂ ಹಾರ್ಡ್ ಡಿಸ್ಕ್ ಇಲ್ಲ. ಮೂಲೆಯಲ್ಲಿರುವ ಒಂದೇ ಸರ್ವರಿನಿಂದ, ನೆಟ್‌ವರ್ಕ್ ಕೇಬಲ್ ಮೂಲಕ ಎಲ್ಲವೂ ಬೂಟ್ ಆಗುತ್ತವೆ, ಅಂದರೆ ಶುರುವಾಗುತ್ತವೆ. ಇದನ್ನೆಲ್ಲ ನಡೆಸುವುದು ಎಲ್‌ಟಿಎಸ್‌ಪಿ, ಅಂದರೆ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ ಅನ್ನುವ ಸಾಫ್ಟ್‌ವೇರ್. ಲಿನಕ್ಸ್ ಅಂದರೆ ವಿಂಡೋಸ್ ಥರದ್ದೇ ಒಂದು ಆಪರೇಟಿಂಗ್ ಸಿಸ್ಟಂ. ಪೂರ್ತಿ ಉಚಿತ, ಸೀಟಿಗಿಷ್ಟು ಅಂತ ಲೈಸೆನ್ಸ್ ದುಡ್ಡು ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನಾನು ಕಂಡಿಲ್ಲ. ಆದರೆ ಒಂದು ಷರತ್ತು ಇದೆ. ಹಾರ್ಡ್ ಡಿಸ್ಕ್‌ನಲ್ಲಿ ಉಳಿದ ದುಡ್ಡನ್ನು ಸ್ವಿಚ್ಚಿಗೂ (ಎಲ್ಲ ಕೇಬಲ್ ಬಂದು ಸೇರುವ ನೆಟ್‌ವರ್ಕ್ ಪೆಟ್ಟಿಗೆ) ಕೇಬಲ್ಲಿಗೂ ಹಾಕಬೇಕು. ಅಲ್ಲಿ ಜುಗ್ಗತನ ಮಾಡಿದರೆ ಲ್ಯಾಬ್ ದಿನಾ ಕೈಕೊಡುತ್ತದೆ. ಆಗ ಎಲ್ಲರೂ ಬೈಯುವುದು ಲಿನಕ್ಸನ್ನೇ.

ಈ ಶಾಲೆಯಲ್ಲಿ ಮೊದಲು ಬೇರೆ ವ್ಯವಸ್ಥೆ ಇತ್ತು. ಒಂದು ಕಂಪನಿ ಚಿಕ್ಕ ಚಿಕ್ಕ ಡಬ್ಬಿಗಳನ್ನು ಕೊಟ್ಟು ಹೋಗಿತ್ತು. ಡಬ್ಬಿ ಕೆಟ್ಟರೆ ಅವರದ್ದೇ ಡಬ್ಬಿ ತರಬೇಕು, ಸಾಫ್ಟ್‌ವೇರ್ ಹಳತಾದರೆ ಅವರೇ ಬರಬೇಕು. ಒಪ್ಪಂದ ಮುಗಿಯಿತು, ಫೋನ್ ಎತ್ತುವವರೂ ಇಲ್ಲವಾದರು. ಕೋಣೆಗೆ ಬೀಗ ಬಿತ್ತು. ಮಕ್ಕಳು ಪಠ್ಯದಲ್ಲಿ ಮೌಸ್‌ನ ಚಿತ್ರ ನೋಡುತ್ತಿದ್ದರು, ಪಕ್ಕದ ಕೋಣೆಯಲ್ಲೇ ಮೌಸ್‌ಗಳು ಧೂಳು ತಿನ್ನುತ್ತಿದ್ದವು. ನನಗೆ ಇವತ್ತಿಗೂ ಅದು ಬೇಜಾರು. ಎಲ್‌ಟಿಎಸ್‌ಪಿ ಹಿಡಿಯಲು ಮುಖ್ಯ ಕಾರಣ ಇದೇ. ಇದರಲ್ಲಿ ಯಾವ ಕಂಪನಿಯ ಕಂಪ್ಯೂಟರ್ ಆದರೂ ನಡೆಯುತ್ತದೆ. ಬ್ಯಾಂಕು, ಆಫೀಸುಗಳು ಬದಲಾಯಿಸಿ ಹಾಕಿದ ಹಳೇ ಯಂತ್ರ ತಂದು ಕೂರಿಸಬಹುದು. ನಾಳೆ ನಾನು ಇಲ್ಲದಿದ್ದರೂ ಲಿನಕ್ಸ್ ಗೊತ್ತಿರುವ ಇನ್ನೊಬ್ಬರು ಬಂದು ಮುಂದುವರಿಸಬಹುದು.

ಸ್ವಲ್ಪ ಹಿನ್ನೆಲೆ. ಎಲ್‌ಟಿಎಸ್‌ಪಿ 1999ರಲ್ಲಿ ಅಮೆರಿಕದ ಜಿಮ್ ಮೆಕ್‌ಕ್ವಿಲನ್ ಶುರು ಮಾಡಿದ್ದು. ಆಗ ಪ್ರೋಗ್ರಾಮ್ ಎಲ್ಲ ಸರ್ವರ್‌ನಲ್ಲೇ ಓಡುತ್ತಿತ್ತು, ಮಗುವಿನ ಮುಂದೆ ಬರುತ್ತಿದ್ದದ್ದು ಬರೀ ಸ್ಕ್ರೀನ್. 2019ರಲ್ಲಿ ಗ್ರೀಸ್‌ನ ಅಲ್ಕಿಸ್ ಯೊರ್ಗೊಪೌಲೊಸ್ ಇದನ್ನು ಹೊಸದಾಗಿ ಬರೆದರು. ಅಲ್ಲಿನ ಶಾಲೆಗಳ ಲ್ಯಾಬುಗಳಲ್ಲಿ ಕೆಲಸ ಮಾಡಿದ ಕೈ ಅದು, ಬಳಸುವಾಗ ಗೊತ್ತಾಗುತ್ತದೆ. ಈಗ ಕ್ಲೈಂಟ್, ಅಂದರೆ ಮಗುವಿನ ಮುಂದಿನ ಕಂಪ್ಯೂಟರ್, ಸರ್ವರಿನಿಂದ ಇಮೇಜ್ (ಇಡೀ ಸಿಸ್ಟಂ ಅಡಗಿರುವ ಒಂದು ದೊಡ್ಡ ಫೈಲ್) ಓದುತ್ತದೆ, ಆದರೆ ಪ್ರೋಗ್ರಾಮ್ ಓಡುವುದು ಅದರದೇ ಪ್ರೊಸೆಸರ್, ಅದರದೇ ರ್‍ಯಾಮ್ ಮೇಲೆ. ಹಾಗಾಗಿ ಸರ್ವರ್ ತೀರಾ ದುಬಾರಿಯದ್ದು ಬೇಕಿಲ್ಲ. ನಮ್ಮದು 16 ಜಿಬಿ ರ್‍ಯಾಮ್ ಮತ್ತು ಒಂದು ಎಸ್‌ಎಸ್‌ಡಿ ಇರುವ ಮಾಮೂಲಿ ಡೆಸ್ಕ್‌ಟಾಪ್. ಕ್ಲೈಂಟ್‌ಗೆ 2 ಜಿಬಿ ಇದ್ದರೆ ಹೇಗೋ ನಡೆಯುತ್ತದೆ, 4 ಇದ್ದರೆ ನೆಮ್ಮದಿ. ಅದಕ್ಕಿಂತ ಕಡಿಮೆ ಇದ್ದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆಯುವಷ್ಟರಲ್ಲಿ ನಿಂತುಬಿಡುತ್ತದೆ. ಡಿಸ್ಕ್ ಇಲ್ಲ ನೋಡಿ, ರ್‍ಯಾಮ್ ತುಂಬಿದರೆ ಚೆಲ್ಲಲು ಜಾಗ ಇರುವುದಿಲ್ಲ.

ಹಾಕುವ ಕೆಲಸ ದೊಡ್ಡದಲ್ಲ. ಸರ್ವರ್‌ಗೆ ಡೆಬಿಯನ್ ಅನ್ನುವ ಲಿನಕ್ಸ್ ಹಾಕಿ, ಮಾಟೆ (MATE) ಡೆಸ್ಕ್‌ಟಾಪ್, ಲಿಬ್ರೆ ಆಫೀಸ್, ಟಕ್ಸ್ ಪೇಂಟ್, ಜಿಯೋಜೀಬ್ರಾ ಎಲ್ಲ ಸೇರಿಸಿದೆ. ಆಮೇಲೆ ಎಲ್‌ಟಿಎಸ್‌ಪಿ ಹಾಕಿ 'ಎಲ್‌ಟಿಎಸ್‌ಪಿ ಇಮೇಜ್' ಕಮಾಂಡ್ ಕೊಟ್ಟರೆ, ಆ ಸರ್ವರ್ ಹೇಗಿದೆಯೋ ಹಾಗೇ ಕುಗ್ಗಿಸಿ ಒಂದು ಇಮೇಜ್ ಮಾಡುತ್ತದೆ. 20 ಯಂತ್ರವೂ ಅದನ್ನೇ ಓದುತ್ತವೆ. ಗಣಿತದ ಮೇಷ್ಟ್ರಿಗೆ ಹೊಸ ಪ್ರೋಗ್ರಾಮ್ ಬೇಕು ಅಂದರೆ ಸರ್ವರ್‌ನಲ್ಲಿ ಒಮ್ಮೆ ಹಾಕಿ, ಇಮೇಜ್ ಮತ್ತೆ ಮಾಡಿದರೆ ಮುಗಿಯಿತು. ಪೆನ್ ಡ್ರೈವ್ ಹಿಡಿದು ಮೇಜಿಂದ ಮೇಜಿಗೆ ಓಡಾಡುವ ಕೆಲಸವೇ ಇಲ್ಲ. ಶಾಲೆಯ ಬ್ರಾಡ್‌ಬ್ಯಾಂಡ್ ರೂಟರ್ ಮುಟ್ಟುವ ಅಗತ್ಯವೂ ಇಲ್ಲ. ಐಪಿ ವಿಳಾಸ ಹಂಚುವುದು ರೂಟರ್ ಕೆಲಸವಾಗಿಯೇ ಉಳಿಯುತ್ತದೆ. ಸರ್ವರ್ ಅದರ ಪಕ್ಕದಲ್ಲಿ ನಿಂತು, ಬೂಟ್ ಫೈಲ್ ಎಲ್ಲಿದೆ ಅನ್ನುವುದನ್ನಷ್ಟೇ ಹೇಳುತ್ತದೆ. ಇದಕ್ಕೆ ಪ್ರಾಕ್ಸಿ ಡಿಎಚ್‌ಸಿಪಿ ಅನ್ನುತ್ತಾರೆ. ನನಗೆ ಇದು ಬಹಳ ಹಿಡಿಸಿತು. ಶಾಲೆಯ ರೂಟರ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅನ್ನುವುದು ಎಷ್ಟೋ ಕಡೆ ಯಾರಿಗೂ ಗೊತ್ತಿರುವುದಿಲ್ಲ.

ಈಗ ತೊಂದರೆಗಳ ವಿಷಯಕ್ಕೆ ಬರೋಣ. ಹಾಕುವವರು ನಿಜವಾಗಿ ತಿಳಿಯಬೇಕಾದದ್ದು ಇದು.

ಕ್ಲೈಂಟ್ ಬೂಟ್ ಆಗದಿದ್ದರೆ ಕಪ್ಪು ಪರದೆಯ ಮೇಲೆ ಬರುವ ನಂಬರ್ ಓದಿ, ರೀಸ್ಟಾರ್ಟ್ ಮಾಡಿ ಕಳೆದುಕೊಳ್ಳಬೇಡಿ. ಪಿಎಕ್ಸ್‌ಇ (ನೆಟ್‌ವರ್ಕ್‌ನಿಂದ ಬೂಟ್ ಆಗುವ ವಿಧಾನ) ಇ61 ಬಂದರೆ ಕೇಬಲ್ಲೇ ಸರಿಯಾಗಿ ಕೂತಿಲ್ಲ ಅಂತ. ಇ51 ಅಂದರೆ ಐಪಿ ವಿಳಾಸವೇ ಸಿಕ್ಕಿಲ್ಲ, ರೂಟರ್ ಆಫ್ ಆಗಿರಬಹುದು. ಇ53 ಅಂದರೆ ವಿಳಾಸ ಸಿಕ್ಕಿದೆ, ಬೂಟ್ ಫೈಲಿನ ಹೆಸರು ಸಿಕ್ಕಿಲ್ಲ. ಆಗ ರೂಟರ್ ಬಿಟ್ಟು ಸರ್ವರ್ ನೋಡಿ, ಆ ಹೆಸರು ಹೇಳುವ ಡಿಎನ್‌ಎಸ್‌ಮಾಸ್ಕ್ ಪ್ರೋಗ್ರಾಮ್ ನಿಂತಿರಬಹುದು. ಇ32 ಬಂದರೆ ಹೆಸರೂ ಸಿಕ್ಕಿದೆ, ಫೈಲ್ ಕೈಗೆ ಬರುತ್ತಿಲ್ಲ. ಸರ್ವರಿನ ಫೈರ್‌ವಾಲ್ 69ನೇ ಪೋರ್ಟ್ ತಡೆದಿದೆಯಾ ನೋಡಿ. ಮೇಷ್ಟ್ರುಗಳಿಗೆ ನಾನು ಹೇಳಿಕೊಟ್ಟಿರುವುದು ಇಷ್ಟೇ: ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸಿ. ಆ ನಂಬರ್ ನೋಡಿದರೆ ಹಳ್ಳಿಗೆ ಹೋಗಬೇಕಾ, ಫೋನಿನಲ್ಲೇ ಮುಗಿಯುತ್ತಾ ಅಂತ ಗೊತ್ತಾಗುತ್ತದೆ. ಸ್ವಲ್ಪ ಹೊಸ ಯಂತ್ರಗಳಾದರೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಫೈಲ್ ತಡೆಯುವ ಸೆಟ್ಟಿಂಗ್) ಆಫ್ ಮಾಡಬೇಕಾಗಬಹುದು.

ಇನ್ನೊಂದು, ಹೆಚ್ಚು ಸತಾಯಿಸುವ ತೊಂದರೆ. ಒಂದೇ ಯಂತ್ರ ಹಚ್ಚಿದರೆ ಚಕಚಕ ಬರುತ್ತದೆ. ಇಡೀ ಕ್ಲಾಸ್ ಒಟ್ಟಿಗೆ ಹಚ್ಚಿದರೆ ಎಲ್ಲವೂ ತೆವಳುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ. ಪೀರಿಯಡ್ ಇರುವುದೇ ಮುಕ್ಕಾಲು ಗಂಟೆ, ಅದರಲ್ಲಿ ಕಾಲು ಭಾಗ ಕಾಯುವುದರಲ್ಲೇ ಹೋದರೆ ಪಾಠ ಯಾವಾಗ ಮಾಡುವುದು?

ಸರ್ವರ್‌ನಲ್ಲಿ ನೆಟ್‌ವರ್ಕ್ ವೇಗ ತೋರಿಸುವ 'ಇಥ್‌ಟೂಲ್' ಕಮಾಂಡ್ ಕೊಟ್ಟು ನೋಡಿದೆ. ಸ್ಪೀಡ್ 1000 ಎಂಬಿಪಿಎಸ್ (ಗಿಗಾಬಿಟ್) ಇರಬೇಕಾದ ಕಡೆ 100 ಅಂತ ತೋರಿಸಿತು. ಸರ್ವರ್ ಕಾರ್ಡ್ ಗಿಗಾಬಿಟ್, ಸ್ವಿಚ್ಚೂ ಗಿಗಾಬಿಟ್. ಉಳಿದದ್ದು ಇವೆರಡರ ನಡುವಿನ ಕೇಬಲ್, ಕಟ್ಟಡಕ್ಕೆ ವೈರಿಂಗ್ ಮಾಡಿದವರು ಎಳೆದದ್ದು. ತುದಿಯ ಕನೆಕ್ಟರ್ ಬೆಳಕಿಗೆ ಹಿಡಿದರೆ ವಿಷಯ ಬಯಲಾಯಿತು. ಎಂಟು ತಂತಿಯಲ್ಲಿ ನಾಲ್ಕನ್ನೇ ಕ್ರಿಂಪ್ ಮಾಡಿದ್ದರು, ಅಂದರೆ ಕನೆಕ್ಟರಿಗೆ ಒತ್ತಿ ಕೂರಿಸಿದ್ದರು. ಕಿತ್ತಳೆ ಜೋಡಿ, ಹಸಿರು ಜೋಡಿ ಒಳಗಿವೆ. ನೀಲಿ, ಕಂದು ಎರಡನ್ನೂ ಬುಡಕ್ಕೇ ಕತ್ತರಿಸಿದ್ದಾರೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಸಿಸಿ ಕ್ಯಾಮೆರಾ ಕೆಲಸದಲ್ಲಿ ಹಾಗೆ ಮಾಡುವವರು ತುಂಬಾ ಜನ ಇದ್ದಾರೆ. ಗಿಗಾಬಿಟ್‌ಗೆ ನಾಲ್ಕು ಜೋಡಿಯೂ ಬೇಕು. ನೀಲಿ, ಕಂದು ಜೋಡಿಗಳಲ್ಲಿ ಒಂದು ಇಲ್ಲದಿದ್ದರೂ ಕಾರ್ಡ್ ಸಾಮಾನ್ಯವಾಗಿ ಸುಮ್ನೆ 100ಕ್ಕೆ ಇಳಿಯುತ್ತದೆ. ದೀಪ ಉರಿಯುತ್ತಲೇ ಇರುತ್ತದೆ, ಇಂಟರ್ನೆಟ್ಟೂ ಬರುತ್ತದೆ. ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಡೆಸ್ಕ್‌ಟಾಪ್ ಬರುವವರೆಗೆ ಒಂದು ಯಂತ್ರ 300 ಎಂಬಿ ಓದುತ್ತದೆ ಅಂತಿಟ್ಟುಕೊಳ್ಳೋಣ. 20 ಯಂತ್ರಕ್ಕೆ 6000 ಎಂಬಿ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್, 8 ಬಿಟ್‌ಗೆ ಒಂದು ಬೈಟ್; ಹಾಗಾಗಿ 100ರ ಕೇಬಲ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಹೋಗುತ್ತದೆ, ಅಂದರೆ 480 ಸೆಕೆಂಡು, 8 ನಿಮಿಷ. ಗಿಗಾಬಿಟ್ ಆದರೆ ಅದೇ ಕೆಲಸ 48 ಸೆಕೆಂಡು. ಸರ್ವರ್‌ನ ಡಿಸ್ಕ್ ಇದಕ್ಕೆ ಅಡ್ಡ ಬರುವುದಿಲ್ಲ, ಒಮ್ಮೆ ಓದಿದ ಇಮೇಜ್ ರ್‍ಯಾಮಿನಲ್ಲೇ ಉಳಿದಿರುತ್ತದೆ. ಕೇಬಲ್‌ನ ಎರಡೂ ತುದಿ ಕತ್ತರಿಸಿ, ಎಂಟೂ ತಂತಿ ಸೇರಿಸಿ ಮತ್ತೆ ಕ್ರಿಂಪ್ ಮಾಡಿದೆ. ಇಥ್‌ಟೂಲ್ 1000 ತೋರಿಸಿತು. ಅವತ್ತಿನಿಂದ ಇಡೀ ಕ್ಲಾಸ್ ಒಟ್ಟಿಗೆ ಹಚ್ಚಿದರೂ ತಕರಾರಿಲ್ಲ. ಸಾಫ್ಟ್‌ವೇರ್‌ನಲ್ಲಿ ಒಂದಕ್ಷರವೂ ಬದಲಿಸಿಲ್ಲ.

ಸ್ವಿಚ್ ಬಗ್ಗೆಯೂ ಎರಡು ಮಾತು. ದುಬಾರಿ ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದದ್ದು) ಯಾರಾದರೂ ದಾನ ಕೊಟ್ಟರೆ ಖುಷಿಯಿಂದ ತಗೊಳ್ಳಿ, ಆದರೆ ಕೇಬಲ್ ಸುತ್ತು ಬೀಳದಂತೆ ಕಾಯುವ ಸ್ಪ್ಯಾನಿಂಗ್ ಟ್ರೀ ಆನ್ ಇದ್ದರೆ ಪೋರ್ಟ್ ಏಳಲು 30 ಸೆಕೆಂಡು ಬೇಕು. ಅಷ್ಟರಲ್ಲಿ ಕ್ಲೈಂಟ್ ಕಾದು ಸಾಕಾಗಿ ಇ51 ತೋರಿಸಿಬಿಡುತ್ತದೆ. ಕ್ಲೈಂಟ್ ಪೋರ್ಟ್‌ಗಳಿಗೆ ಪೋರ್ಟ್‌ಫಾಸ್ಟ್ (ಕಾಯದೆ ಪೋರ್ಟ್ ಏಳಿಸುವ ಸೆಟ್ಟಿಂಗ್) ಕೊಟ್ಟರೆ ಸರಿಹೋಗುತ್ತದೆ. ಹಳೇ ಯಂತ್ರಗಳಲ್ಲಿ 100ರ ಕಾರ್ಡ್ ಇದ್ದರೆ ಸ್ವಿಚ್ಚಿನ ಫ್ಲೋ ಕಂಟ್ರೋಲ್ ಆಫ್ ಮಾಡಿ. ಇಲ್ಲದಿದ್ದರೆ ಒಂದು ನಿಧಾನದ ಯಂತ್ರ 'ತಾಳು' ಅಂದರೆ ಸರ್ವರ್ ಎಲ್ಲರಿಗೂ ಕೊಡುವುದನ್ನು ನಿಲ್ಲಿಸುತ್ತದೆ. ಸಾದಾ ಸ್ವಿಚ್ ಆದರೆ ಬೇರೆ ಅಪಾಯ: ಯಾರೋ ಒಂದೇ ನೆಟ್‌ವರ್ಕ್ ಕೇಬಲ್ಲಿನ ಎರಡೂ ತುದಿಯನ್ನು ಅದೇ ಸ್ವಿಚ್ಚಿಗೆ ಚುಚ್ಚಿದರೆ ಇಡೀ ಲ್ಯಾಬ್ ಮಲಗುತ್ತದೆ. ಸ್ವಿಚ್ಚನ್ನು ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಪೆಟ್ಟಿಗೆ ಹಾಕಿ ಇಡಿ.

ಕರೆಂಟ್ ವಿಷಯ ಮಲೆನಾಡಿನವರಿಗೆ ಹೇಳಬೇಕಿಲ್ಲ. ಯುಪಿಎಸ್ ಸರ್ವರ್‌ಗೂ ಸ್ವಿಚ್ಚಿಗೂ ಇದ್ದರೆ ಸಾಕು. ಕ್ಲೈಂಟ್ ಧಡಾರನೆ ಆಫ್ ಆದರೆ ಕೆಡಲು ಅದರೊಳಗೆ ಡಿಸ್ಕ್ ಇಲ್ಲ, ಸೇವ್ ಮಾಡಿದ ಫೈಲೆಲ್ಲ ಸರ್ವರ್‌ನಲ್ಲಿರುತ್ತದೆ. ಮಳೆಗಾಲದಲ್ಲಿ ಈ ಗುಣಕ್ಕೆ ಬೆಲೆ ಕಟ್ಟಲಾಗದು.

ಜೂನ್‌ನಲ್ಲಿ ಕಂಪ್ಯೂಟರ್ ಮೇಡಂ ಫೋನ್ ಮಾಡುತ್ತಾರೆ: "ಸರ್, ಎಂಟನೇ ಕ್ಲಾಸಿನ ಹೊಸ ಮಕ್ಕಳ ಹೆಸರು ಸೇರಿಸಿದ್ದೇನೆ, ಯಾರೂ ಲಾಗಿನ್ ಆಗ್ತಿಲ್ಲ." ನಾನು ಕೇಳುವುದು ಒಂದೇ: "ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ ಓಡಿಸಿದ್ರಾ ಮೇಡಂ?" ಹೊಸ ಬಳಕೆದಾರರನ್ನು ಸೇರಿಸಿದಾಗ, ಕಾನ್ಫಿಗ್ ಫೈಲ್ ತಿದ್ದಿದಾಗ, ಈ ಕಮಾಂಡ್ ಕೊಟ್ಟು ಕ್ಲೈಂಟ್‌ಗಳನ್ನು ರೀಸ್ಟಾರ್ಟ್ ಮಾಡಬೇಕು. ಎಲ್‌ಟಿಎಸ್‌ಪಿ ಬಗ್ಗೆ ನನ್ನ ನಿಜವಾದ ದೂರು ಇಂಥದ್ದರ ಮೇಲೆ. ಎಲ್ಲವೂ ಕಮಾಂಡ್ ಸಾಲಿನಲ್ಲಿ, ಎಲ್ಲ ವಿವರಣೆ ಇಂಗ್ಲಿಷ್‌ನಲ್ಲಿ. ಮೇಷ್ಟ್ರುಗಳು ಒತ್ತಲು ಒಂದು ಬಟನ್ ಇಲ್ಲ. ಮೇಡಂಗೆ ನಾನೇ ಕನ್ನಡದಲ್ಲಿ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಈಗ ಅವರೇ ಮಾಡಿಕೊಳ್ಳುತ್ತಾರೆ.

ಕನ್ನಡ ಟೈಪಿಂಗ್ ಬಗ್ಗೆ ಕೇಳುವವರು ಜಾಸ್ತಿ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಲಿನಕ್ಸಿನ ಟೈಪಿಂಗ್ ಸಾಧನ ಐಬಸ್‌ನಲ್ಲಿ ಅದೇ ಜೋಡಣೆಯ ಕೆಜಿಪಿ ಕೀಲಿಮಣೆ ಸಿಗುತ್ತದೆ, ಹೊಸದಾಗಿ ಕಲಿಯಬೇಕಿಲ್ಲ. ಗುಬ್ಬಿ, ನವಿಲು ಫಾಂಟ್‌ಗಳೂ ಡೆಬಿಯನ್‌ನಲ್ಲೇ ಇವೆ. ತೊಂದರೆ ಇರುವುದು ಯೂನಿಕೋಡ್‌ಗೆ ಮುಂಚಿನ ನುಡಿ ಫೈಲ್‌ಗಳದ್ದು. ತೆರೆದರೆ ವಿಚಿತ್ರ ಅಕ್ಷರ ಕಾಣುತ್ತವೆ, ಪರಿವರ್ತಕಕ್ಕೆ ಹಾಕಿ ತೆಗೆಯಬೇಕು. ಶಾಲೆಯ ಹಳೇ ಪ್ರಶ್ನೆಪತ್ರಿಕೆಗಳನ್ನೆಲ್ಲ ಹಾಗೇ ತಿರುಗಿಸಿಕೊಂಡೆವು. ಫೈರ್‌ಫಾಕ್ಸ್ ಮಾತ್ರ ಒಂದು ಹಟ ಮಾಡುತ್ತದೆ. ಒಂದೇ ಹೆಸರಿನಲ್ಲಿ ಇಬ್ಬರು ಎರಡು ಯಂತ್ರದಲ್ಲಿ ಕೂತರೆ ಎರಡನೆಯವರಿಗೆ 'ಆಗಲೇ ತೆರೆದಿದೆ' ಅಂತ ಹೇಳಿ ತೆರೆಯುವುದೇ ಇಲ್ಲ. ಮಗುವಿಗೊಂದು ಲಾಗಿನ್ ಕೊಡುವುದೇ ದಾರಿ. ತಮ್ಮ ಹೆಸರಿನ ಫೋಲ್ಡರ್ ನೋಡಿ ಮಕ್ಕಳಿಗೆ ಆಗುವ ಸಂತೋಷವೂ ದೊಡ್ಡದು.

ಜೊತೆಗೆ ಲ್ಯಾಬ್ ಮೇಲೆ ಕಣ್ಣಿಡುವ ಎಪೊಪ್ಟಿಸ್ ಪ್ರೋಗ್ರಾಮ್ ಹಾಕಿಕೊಳ್ಳಿ, ಬಿಡಬೇಡಿ. ಇದೂ ಗ್ರೀಸ್‌ನವರದ್ದೇ. ಮೇಡಂ ಕೂತಲ್ಲಿಂದಲೇ ಎಲ್ಲ ಸ್ಕ್ರೀನ್ ಸಣ್ಣದಾಗಿ ನೋಡಬಹುದು. ತಮ್ಮ ಸ್ಕ್ರೀನನ್ನು ಎಲ್ಲರಿಗೂ ತೋರಿಸಬಹುದು, ಮಾತಾಡುವಾಗ ಎಲ್ಲವನ್ನೂ ಲಾಕ್ ಮಾಡಬಹುದು. ಪ್ರೊಜೆಕ್ಟರ್ ಇಲ್ಲದ ಶಾಲೆಗೆ ಇದೇ ಪ್ರೊಜೆಕ್ಟರ್.

ಅಪ್‌ಡೇಟ್ ಮಾಡುವಾಗ ಅವಸರ ಬೇಡ. ಹೊಸ ಇಮೇಜ್ ಮಾಡಿದಾಗ ಹಳೆಯದು '.ಓಲ್ಡ್' ಹೆಸರಿನಲ್ಲಿ ಉಳಿಯುತ್ತದೆ, ಹೊಸದು ಕೈಕೊಟ್ಟರೆ ಹೆಸರು ಬದಲಿಸಿ ವಾಪಸ್ ಬರಬಹುದು. ಪರೀಕ್ಷೆ ಹತ್ತಿರ ಬಂದಾಗ ನಾನು ಇಮೇಜ್ ಮುಟ್ಟುವುದಿಲ್ಲ.

ವೈಫೈ ಮೇಲೆ ಇದನ್ನು ಹಾಕಿಕೊಡಿ ಅಂತ ಕೇಳುವವರಿಗೆ ಆಗಲ್ಲ ಅನ್ನುತ್ತೇನೆ. ನೆಟ್‌ವರ್ಕ್ ಬೂಟ್‌ಗೆ ಕೇಬಲ್ಲೇ ಬೇಕು. ದಾನದ ಲ್ಯಾಪ್‌ಟಾಪ್ ಐದಾರು ಇರುವ ಚಿಕ್ಕ ಶಾಲೆಗೂ ಇದು ಬೇಡ. ಅಲ್ಲಿ ಒಂದೊಂದಕ್ಕೂ ಡೆಬಿಯನ್ ಹಾಕಿ ಕೊಟ್ಟರೆ ಸಾಕು. 10 ಯಂತ್ರದ ಮೇಲಿದ್ದು, ಕೋಣೆ ಒಂದೇ ಆಗಿದ್ದು, ಕೇಬಲ್ ಎಳೆಯಲು ಹೆಡ್‌ಮಾಸ್ಟರ್ ಒಪ್ಪಿದರೆ ಧೈರ್ಯವಾಗಿ ಎಲ್‌ಟಿಎಸ್‌ಪಿ ಹಾಕಿ. ಕೇಬಲಿಂಗ್ ಮಾಡುವವರಿಗೆ ದುಡ್ಡು ಕೊಡುವ ಮುಂಚೆ ಪ್ರತಿ ತುದಿಯಲ್ಲೂ ಎಂಟು ತಂತಿ ಎಣಿಸಿಕೊಳ್ಳಿ.