ರೆಪ್ಪೆಯ ಗಂಟು: ಶಾಖವೇ, ಇಂಜೆಕ್ಷನ್ನೇ, ಕೊಯ್ಯಿಸುವುದೇ?

ರೆಪ್ಪೆಯೊಳಗಿನ ಎಣ್ಣೆಗ್ರಂಥಿಯ ಬಾಯಿ ಕಟ್ಟಿಕೊಂಡು, ಕಾಳಿನಷ್ಟು ಗಂಟು ನೋವಿಲ್ಲದೆ ಕೂತಿದ್ದರೆ ಅದು ಹೆಚ್ಚಾಗಿ ಕಲೇಜಿಯಾನ್.

ಖರ್ಚಿಲ್ಲದ್ದು ಶಾಖ. ಶುದ್ಧ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಮಣಿಕಟ್ಟಿಗೆ ಒತ್ತಿ ನೋಡಿ, ಆಮೇಲೆ ಮುಚ್ಚಿದ ಕಣ್ಣಿನ ಮೇಲಿಡಿ. ದಿನಕ್ಕೆ 3-4 ಸಲ, ಸಲಕ್ಕೆ 10 ನಿಮಿಷ. ಮಡಿಕೇರಿಯ ಮಳೆಗಾಲದ ಥಂಡಿಯಲ್ಲಿ ಬಟ್ಟೆ ಬೇಗನೆ ತಣ್ಣಗಾಗುತ್ತದೆ; ಮತ್ತೆ ಮತ್ತೆ ಅದ್ದದಿದ್ದರೆ ಒಳಗಿನ ಗಟ್ಟಿ ಎಣ್ಣೆ ಕರಗುವುದೇ ಇಲ್ಲ. ನಂತರ ಬೆರಳಿನಿಂದ ರೆಪ್ಪೆಗೂದಲಿನ ಕಡೆಗೆ ಮೆಲ್ಲಗೆ ನೀವಿ. ಹಿಸುಕಲೇಬೇಡಿ. ಹೊಸ ಗಂಟಿಗೆ 4-6 ವಾರ ಇದನ್ನೇ ಮಾಡುವುದು ಸರಿ.

ಆಮೇಲೂ ಉಳಿದರೆ ಸ್ಟೀರಾಯ್ಡ್ ಇಂಜೆಕ್ಷನ್. ಕೆಲವೇ ನಿಮಿಷದ ಕೆಲಸ, ಒಂದೆರಡು ವಾರದಲ್ಲಿ ಕರಗುತ್ತದೆ. ಕೆಲವರಿಗೆ ಎರಡನೆಯದೂ ಬೇಕಾಗುತ್ತದೆ. ಕಣ್ಣೀರಿನ ನಾಳದ ಹತ್ತಿರದ ಗಂಟಿಗೆ ಕತ್ತರಿಗಿಂತ ಇದು ವಾಸಿ. ಆದರೆ ಕಂದುಬಣ್ಣದವರಿಗೆ ಚುಚ್ಚಿದ ಜಾಗ ಬಿಳಚಿಕೊಳ್ಳಬಹುದು, ಇದನ್ನು ಮೊದಲೇ ಕೇಳಿ.

ದೊಡ್ಡ, ಹಳೆಯ, ದೃಷ್ಟಿಯನ್ನು ಒತ್ತುವ ಗಂಟಿಗೆ ಕೊಯ್ಯಿಸುವುದೇ ಖಚಿತ. ಮರಗಟ್ಟಿಸಿ, ರೆಪ್ಪೆಯನ್ನು ಮಗುಚಿ ಒಳಗಿನಿಂದ ಕೊಯ್ದು ಕೆರೆಯುತ್ತಾರೆ. ಹೊರಗೆ ಕಲೆಯಿಲ್ಲ, ಸಾಮಾನ್ಯವಾಗಿ ಹೊಲಿಗೆಯೂ ಇಲ್ಲ. ಅಂದು ಕಣ್ಣಿಗೆ ಪಟ್ಟಿ ಇರುವುದರಿಂದ ಘಾಟಿಯಲ್ಲಿ ಗಾಡಿ ಓಡಿಸಬೇಡಿ. ಕಾಫಿ ಕುಯಿಲಿನ ನಡುವೆ ಪದೇ ಪದೇ ಊರಿಂದ ಬರಲಾಗದವರಿಗೆ ಇದು ಅನುಕೂಲ. ಪುಟ್ಟ ಮಕ್ಕಳಿಗೆ ಪೂರ್ತಿ ಅರಿವಳಿಕೆ ಬೇಕಾಗುವುದರಿಂದ ಶಾಖವನ್ನೇ ಇನ್ನಷ್ಟು ದಿನ ಮುಂದುವರಿಸುತ್ತಾರೆ.

ವಯಸ್ಸಾದವರಲ್ಲಿ ಅದೇ ಜಾಗದಲ್ಲಿ ಗಂಟು ಮರುಕಳಿಸಿದರೆ, ರೆಪ್ಪೆಗೂದಲು ಉದುರಿದರೆ, ತೆಗೆದ ತುಣುಕನ್ನು ಬಯಾಪ್ಸಿಗೆ ಕಳಿಸಲೇಬೇಕು. ಅದು ಕ್ಯಾನ್ಸರ್ ಇರಬಹುದು.