ಸೆಮಿಸ್ಟರ್ ಪೂರ್ತಿ ಲ್ಯಾಬೋ, ಬೇಸಿಗೆಯಲ್ಲಿ ಮಾತ್ರವೋ?

ಅಮೆರಿಕದಲ್ಲಿ ಪದವಿ ಓದುತ್ತಲೇ ಮೆಡಿಕಲ್ ಸ್ಕೂಲಿಗೆ ತಯಾರಾಗುವವರಿಗೆ ಸಂಶೋಧನೆ ಮಾಡಲು ಮುಖ್ಯವಾಗಿ ಎರಡು ದಾರಿ.

ಸೆಮಿಸ್ಟರ್ ಲ್ಯಾಬ್ ಎಂದರೆ ತರಗತಿಗಳ ಜೊತೆಗೇ ಪ್ರೊಫೆಸರ್ ಒಬ್ಬರ ಲ್ಯಾಬಿನಲ್ಲಿ ವಾರಕ್ಕೆ ಎಂಟು-ಹತ್ತು ಗಂಟೆ ಕೆಲಸ. ಕೇಳಲು ಕಡಿಮೆ ಅನಿಸುತ್ತದೆ, ಆದರೆ ತಟ್ಟೆಯಲ್ಲಿ ಬೆಳೆಯುತ್ತಿರುವ ಜೀವಕೋಶಗಳಿಗೆ ನಿಮ್ಮ ಆರ್ಗ್ಯಾನಿಕ್ ಕೆಮಿಸ್ಟ್ರಿ ಪರೀಕ್ಷೆ ಯಾವತ್ತೆಂದು ಗೊತ್ತಿರುವುದಿಲ್ಲ. ಭಾನುವಾರವೂ ಹೋಗಬೇಕಾದೀತು. ಲಾಭವೂ ದೊಡ್ಡದೇ: ಎರಡು ವರ್ಷ ನಿಮ್ಮನ್ನು ಕಂಡ ಪ್ರೊಫೆಸರ್ ಬರೆಯುವ ಶಿಫಾರಸು ಪತ್ರದ ತೂಕವೇ ಬೇರೆ.

ಬೇಸಿಗೆ ಕಾರ್ಯಕ್ರಮಗಳಲ್ಲಿ ಅಮೆರಿಕ ಸರ್ಕಾರದ ವಿಜ್ಞಾನ ಸಂಸ್ಥೆ ಎನ್‌ಎಸ್‌ಎಫ್‌ನ ಆರ್‌ಇಯು (ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ಅನುಭವ ಕೊಡುವ ಯೋಜನೆ) ಹೆಸರಾದದ್ದು. ಸಾಮಾನ್ಯವಾಗಿ 10 ವಾರ, ಪೂರ್ಣಾವಧಿ, ಸ್ಟೈಪೆಂಡ್ ಉಂಟು. ಆದರೆ ಆ ಹಣ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗಷ್ಟೇ. ವಿದ್ಯಾರ್ಥಿ ವೀಸಾದವರು ಬೇರೆಡೆ ಹುಡುಕಬೇಕು. ಇನ್ನೊಂದು ತೊಡಕು, ಮೆಡಿಕಲ್ ಸ್ಕೂಲ್ ಪ್ರವೇಶ ಪರೀಕ್ಷೆ ಎಂಸಿಎಟಿಗೆ ಓದಲು ಸಿಗುವ ಬಿಡುವೂ ಅದೇ ಬೇಸಿಗೆ. 230 ಪ್ರಶ್ನೆ, ವಿರಾಮ ಬಿಟ್ಟು ಆರೂಕಾಲು ಗಂಟೆಯ ಪರೀಕ್ಷೆ ಅದು. ಎರಡನ್ನೂ ಒಂದೇ ಬೇಸಿಗೆಗೆ ತುರುಕಬೇಡಿ.

ವೈದ್ಯ ಪದವಿ, ಸಂಶೋಧನಾ ಪದವಿ ಎರಡೂ ಒಟ್ಟಿಗೆ ಸಿಗುವ ಎಂಡಿ-ಪಿಎಚ್‌ಡಿ ಮನಸ್ಸಿದ್ದರೆ ಯೋಚನೆಯೇ ಬೇಡ, ಸೆಮಿಸ್ಟರ್ ಲ್ಯಾಬ್ ಹಿಡಿಯಿರಿ. ಬರೀ ಎಂಡಿ ಸಾಕೆಂದರೆ ನನ್ನ ಮತ ಎರಡನೇ ವರ್ಷದ ನಂತರದ ಬೇಸಿಗೆಗೆ. ಎಂಸಿಎಟಿ ಮುಂದಿನ ವರ್ಷಕ್ಕಿರಲಿ. ಅಂಕ ಜಾರತೊಡಗಿದರೆ ಮೊದಲು ಲ್ಯಾಬಿನ ಗಂಟೆ ಕಡಿತಗೊಳಿಸಿ, ಅದನ್ನು ಪ್ರೊಫೆಸರ್‌ಗೆ ಮುಂಚೆಯೇ ಹೇಳಿ.