ಕೊನೆಯ ಅಂಕಿಯ ಲೆಕ್ಕ: ವ್ಯಾಗನ್ ನಂಬರಿಗೆ ಒಂದು, ಅಕ್ಕಿ ಚೀಲದ ಚೀಟಿಗೆ ಇನ್ನೊಂದು

ತೋರಣಗಲ್ಲು ಕಡೆ ಅದಿರಿನ ಕೆಂಧೂಳು ಕೂತು ವ್ಯಾಗನ್ ನಂಬರಿನ ಒಂದು ಅಂಕಿ ಕಾಣದಿದ್ದರೆ ಊಹಿಸಿ ಬರೆಯಬೇಡಿ. ನಂಬರಿನಲ್ಲಿ ಹನ್ನೊಂದು ಅಂಕಿ, ಕೊನೆಯ ಹನ್ನೊಂದನೆಯದು ಇರುವುದೇ ತಾಳೆ ನೋಡಲಿಕ್ಕೆ.

ರೈಲ್ವೆ ಲೆಕ್ಕ ಸುಲಭ. ಎಡದಿಂದ ಸಮ ಸ್ಥಾನದ ಐದು ಅಂಕಿ ಕೂಡಿ ಮೂರರಿಂದ ಗುಣಿಸಿ, ಬೆಸ ಸ್ಥಾನದ ಐದನ್ನು ಸೇರಿಸಿ. ಮೊತ್ತದ ಕೊನೆ ಸೊನ್ನೆಯಾಗಲು ಎಷ್ಟು ಬೇಕೋ ಅದೇ ತಾಳೆ ಅಂಕಿ. ಮಾದರಿಗೆ 2210127381: 8×3=24, 24+19=43, ಆದ್ದರಿಂದ 7. ಎಂಟನೆಯ ಅಂಕಿ ಅಳಿಸಿದೆ ಎನ್ನಿ. ತಾಳೆ ಅಂಕಿಯೂ ಸೇರಿ ಉಳಿದದ್ದು 15+19+7=41. 50ಕ್ಕೆ 9 ಕಡಿಮೆ. ಸಮ ಸ್ಥಾನವಾದ್ದರಿಂದ 3×3. ಅಳಿಸಿದ್ದು 3. ಎರಡು ಅಂಕಿ ಹೋಗಿದ್ದರೆ ಹತ್ತು ಉತ್ತರ ಬರುತ್ತವೆ, ಲೆಕ್ಕ ಬಿಟ್ಟು ಬಟ್ಟೆ ತಗೊಂಡು ಒರೆಸುವುದೇ ವಾಸಿ.

ಇದರ ಹುಳುಕು ಅದಲುಬದಲಿನಲ್ಲಿದೆ. 1-6, 2-7, 3-8, 4-9, 0-5 ಹೀಗೆ ಐದರ ಅಂತರದ ಅಂಕಿಗಳು ಅಕ್ಕಪಕ್ಕ ತಿರುಗಿ ಕೂತರೆ ಇದಕ್ಕೆ ತಿಳಿಯುವುದಿಲ್ಲ. ಮೇಲಿನ ನಂಬರಿನ 27ನ್ನು 72 ಎಂದು ಬರೆದರೂ ತಾಳೆ ಅಂಕಿ ಏಳೇ. ಐದು-ಆರನೆಯ ಅಂಕಿ ತಯಾರಾದ ವರ್ಷ. 2012ರ ವ್ಯಾಗನ್ ಸದ್ದಿಲ್ಲದೆ 2017ರದ್ದಾಗುತ್ತದೆ.

ಬ್ಯಾಂಕ್ ಕಾರ್ಡಿನ ಲೂನ್ ಲೆಕ್ಕದಲ್ಲಿ (ತಾಳೆ ಅಂಕಿಯ ಪಕ್ಕದ್ದರಿಂದ ಎಡಕ್ಕೆ ಒಂದು ಬಿಟ್ಟು ಒಂದನ್ನು ಎರಡರಿಂದ ಗುಣಿಸಿ, ಒಂಬತ್ತು ದಾಟಿದರೆ ಒಂಬತ್ತು ಕಳೆದು, ಎಲ್ಲ ಕೂಡುವುದು) ಅದೇ ಹತ್ತು ಅಂಕಿಗೆ ತಾಳೆ 5, ತಿರುಗಿಸಿದರೆ 9. ಸಿಕ್ಕಿಬಿತ್ತು. ಅಕ್ಕಪಕ್ಕದ ಅದಲುಬದಲಿನಲ್ಲಿ ಲೂನ್ ತಪ್ಪಿಸಿಕೊಳ್ಳಲು ಬಿಡುವುದು 09-90 ಮಾತ್ರ.

ಆಧಾರ್ ನಂಬರಿನ ವೆರ್ಹೂಫ್ ವಿಧಾನ ಅದನ್ನೂ ಬಿಡುವುದಿಲ್ಲ, ಆದರೆ ಕೋಷ್ಟಕಗಳಿಲ್ಲದೆ ಕೈಲೆಕ್ಕ ಅಸಾಧ್ಯ. 2004ರ ಡಾಮ್ ವಿಧಾನಕ್ಕೆ ಹತ್ತು ಸಾಲು ಹತ್ತು ಕಂಬದ ಒಂದೇ ಕೋಷ್ಟಕ ಸಾಕು, ಹಿಡಿತ ಅಷ್ಟೇ ಬಿಗಿ.

ಕಳೆದ ಒಂದು ಅಂಕಿ ಮರಳಿ ಪಡೆಯುವುದರಲ್ಲಿ ನಾಲ್ಕೂ ಸಮ. ತಪ್ಪು ಎಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ ನಾಲ್ಕೂ ಸೋಲುತ್ತವೆ: ಹನ್ನೊಂದು ಸ್ಥಾನಕ್ಕೂ ಒಂದೊಂದು ಅನುಮಾನ. ವ್ಯಾಗನ್ ನಂಬರಿನಲ್ಲಾದರೆ ನಮೂನೆ, ವಲಯ, ವರ್ಷ ನೋಡಿ ಕೆಲವನ್ನು ಕಳೆಯಬಹುದು.

ಗಂಗಾವತಿ, ಸಿಂಧನೂರಿನ ಗಿರಣಿಯ ಚೀಲದ ಚೀಟಿಗೆ ಹೊಸ ನಂಬರು ಕಟ್ಟುವವರು ಮೊಬೈಲಿನಲ್ಲಿ ಲೆಕ್ಕ ಮಾಡುವುದಾದರೆ ಡಾಮ್ ಹಿಡಿಯಲಿ, ಪೆನ್ನಿನಲ್ಲಾದರೆ ಲೂನ್. ಲೂನ್, ಡಾಮ್ ಎರಡಕ್ಕೂ ನಂಬರಿನ ಎಡತುದಿಯ ಸೊನ್ನೆ ಬಿದ್ದುಹೋದರೆ ತಿಳಿಯದು. ಎಕ್ಸೆಲ್ ಅದನ್ನೇ ಮೊದಲು ನುಂಗುವುದು. ನಂಬರು ಟೈಪ್ ಮಾಡುವ ಮುಂಚೆ ಕಾಲಂ ಅನ್ನು ಟೆಕ್ಸ್ಟ್ ಮಾಡಿ, ತಾಳೆ ನೋಡುವ ಮುಂಚೆ ಅಂಕಿಗಳನ್ನು ಎಣಿಸಿ.